ಮಾತಿಲ್ಲದ ಕರೆಗಳು

ಅಪ್ಪನ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವರು ಲೈನ್ ಮಾಸ್ತರು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ತಂತಿಗೆ ತಂತಿ ಕೂಡಿಸಿದವರು. ರಸ್ತೆ ಬದಿಯ ಗುಂಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ನೂರಾರು ತಾಮ್ರದ ಎಳೆಗಳಲ್ಲಿ ಯಾವುದು ಯಾರ ಮನೆಯದೆಂದು ಬಣ್ಣ ನೋಡಿಯೇ ಹೇಳುತ್ತಿದ್ದರಂತೆ. ನಿವೃತ್ತರಾಗಿ ಆರು ವರ್ಷ ಕಳೆದರೂ ಇಕ್ಕಳ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು, ಬೇರೆಯವರ ಜೇಬಿನಲ್ಲಿ ಪೆನ್ನು ಇರುವ ಹಾಗೆ.

ಅಂಥವರ ಮನೆಯಲ್ಲೇ, ಫೋನಿನ ತಂತಿಯಲ್ಲೇ ಬರುವ ಇಂಟರ್ನೆಟ್ ಕೆಟ್ಟಿತು.

ನಾನು ಆಗ ಮನೆಯಿಂದಲೇ, ಕಂಪ್ಯೂಟರಿನ ಮುಂದೆ ಕೂತು, ಹನ್ನೆರಡು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಅದು ನನಗೆ ಸಿಕ್ಕ ಮೊದಲ ಕೆಲಸ. ಭಿನ್ನರಾಶಿಯ ನಟ್ಟನಡುವೆ ಪರದೆ ನಿಂತುಬಿಡುತ್ತಿತ್ತು. ಯಾವುದೋ ಮಗುವಿನ ಬಾಯಿ ತೆರೆದದ್ದು ತೆರೆದ ಹಾಗೇ. ಕಂಪ್ಯೂಟರ್ ಮಾತ್ರ ವೈಫೈ ಪೂರ್ತಿ ಇದೆ ಎಂದು ನಿಶ್ಚಿಂತೆಯಿಂದ ತೋರಿಸುತ್ತಿತ್ತು. ಹಾಲಿಗೆ ಓಡಿ ನೋಡಿದರೆ ವೈಫೈ ಡಬ್ಬಿಯ ಮೂರನೇ ದೀಪ ಕೆಂಪು.

ಟ್ಯೂಷನ್ ಕಂಪನಿಯ ಮೇಲ್ವಿಚಾರಕಿಯಿಂದ ಎರಡು ಪತ್ರ ಬಂದವು. ಎರಡನೆಯದು ಚಿಕ್ಕದು: ಶುಕ್ರವಾರ ಹತ್ತು ಗಂಟೆಯ ಕ್ಲಾಸೂ ತುಂಡಾದರೆ ಈ ಮಕ್ಕಳನ್ನು ಬೇರೆ ಟೀಚರಿಗೆ ಒಪ್ಪಿಸುತ್ತೇವೆ.

ಡಬ್ಬಿಯನ್ನು ಕಪಾಟಿನಿಂದ ಫ್ರಿಜ್ಜಿನ ಮೇಲಿಟ್ಟೆ, ಫ್ರಿಜ್ಜಿನಿಂದ ಕಿಟಕಿಗೆ ತಂದೆ. ವೈರು ಬದಲಿಸಿದೆ. ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ಹಾಕಿದೆ. ಕೊನೆಗೆ ಡಬ್ಬಿಯನ್ನೇ ಹೊಸದು ತಂದೆ. ಹೊಸ ಡಬ್ಬಿಯಲ್ಲಿ ಕೆಂಪು ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ.

ಫೋನ್ ಕಂಪನಿಗೆ ದೂರು ಕೊಟ್ಟರೆ ಒಂದೇ ಮಂತ್ರ. "ಆರಿಸಿ, ಮೂವತ್ತು ಎಣಿಸಿ, ಹಾಕಿ ಮೇಡಂ." ಎಣಿಸಿ ಎಣಿಸಿ ನನಗೆ ಮೂವತ್ತರ ಮೇಲೇ ಜಿಗುಪ್ಸೆ ಬಂದಿತ್ತು. ಆಮೇಲೆ, "ನಿಮ್ಮ ಲ್ಯಾಂಡ್‌ಲೈನಿಗೆ ಕರೆ ಮಾಡಿ ನೋಡ್ತೀನಿ ಇರಿ." ಹಾಲಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ನಿಮಿಷದಲ್ಲಿ ದೀಪ ಹಸಿರಾಗುತ್ತಿತ್ತು. "ಸರಿಹೋಯ್ತಲ್ಲ ಮೇಡಂ?" ದೂರು ಮುಗಿಯಿತು. ಡಾಕ್ಟರ ಮುಂದೆ ಕೂತಾಗ ಮಾತ್ರ ನಿಲ್ಲುವ ಕೆಮ್ಮಿನ ಹಾಗೆ.

ಮಂಗಳವಾರ ಫೋನ್ ಕಂಪನಿಯ ಮೆಕ್ಯಾನಿಕ್ಕೇ ಬಂದ. ಅವನೂ ಮೊದಲು ಮಾಡಿದ್ದು ತನ್ನ ಮೊಬೈಲಿನಿಂದ ನಮ್ಮ ಫೋನಿಗೆ ಕರೆ. ಹಸಿರು. "ಲೈನ್ ಚೆನ್ನಾಗೇ ಇದೆಯಲ್ಲಮ್ಮ," ಎನ್ನುತ್ತ ಹೊರಗೆ ಹೋಗಿ ಗೋಡೆ ನೋಡಿದ. ಕಂಬದ ತಂತಿ ಮನೆಯ ತಂತಿಗೆ ಕೂಡುವಲ್ಲಿ ಕಪ್ಪು ಟೇಪಿನ ಗಂಟೊಂದಿತ್ತು. "ಈ ಜಾಯಿಂಟ್ ಒಂದ್ಸಲ ಬಿಚ್ಚಲಾ?"

"ಮುಟ್ಟಬೇಡ. ಅದು ನಾನು ಹಾಕಿದ್ದು," ಎಂದರು ಅಪ್ಪ.

"ಸುಮ್ನೆ ನೋಡೋಣ ಅಂತ, ಮಾಸ್ತರೇ..."

"ನಿಂಗೆ ಹಲ್ಲು ಬರೋಕೆ ಮುಂಚೆಯಿಂದ ಜಾಯಿಂಟ್ ಹಾಕಿದೀನಿ. ಒಂದೂ ತಿರುಗಿ ಬಂದಿಲ್ಲ."

ಅವನು 'ದೋಷವಿಲ್ಲ' ಎಂದು ಬರೆದು, ನನ್ನ ಸಹಿ ತೆಗೆದುಕೊಂಡು ಹೊರಟೇಹೋದ.

"ನೋಡೋಕೆ ಬಿಡಬಹುದಿತ್ತಲ್ಲಪ್ಪ!"

"ಡಬ್ಬಿ ಸರಿ ಇಲ್ಲ."

"ಡಬ್ಬಿ ಹೊಸದು!"

"ಈಗಿನ ಕಾಲದಲ್ಲಿ ಹೊಸದೇ ಹಾಳು."

ಇದರ ಜೊತೆಗೆ ಅಮ್ಮನಿಗೆ ಬೇರೆಯದೇ ಕಾಟ. ಎರಡು ವಾರದಿಂದ ಯಾರೋ ಫೋನು ಮಾಡುತ್ತಿದ್ದರು; ಎತ್ತಿದರೆ ಮಾತಿಲ್ಲ. "ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ ಕೋತಿ? ನಿನ್ನ ಮನೇಲಿ ಅಕ್ಕ ತಂಗಿ ಇಲ್ವಾ?" ಎಂದು ಅಮ್ಮ ದಿನಕ್ಕೆರಡು ಸಲ ಕೂಗಿ ರಿಸೀವರ್ ಕುಕ್ಕುತ್ತಿದ್ದಳು.

ಗುರುವಾರ ಕ್ಲಾಸಿನ ನಡುವೆ ಮತ್ತೆ ಪರದೆ ನಿಂತಿತು. "ಕೇಳಿಸ್ತಿದೆಯಾ ಮಕ್ಕಳೇ? ಕೇಳಿಸ್ತಿದೆಯಾ?" ಎಂದು ಸಾಕಾಗುವಷ್ಟು ಕೂಗಿ, ಗಂಟಲು ಒಣಗಿ, ನೀರಿಗೆಂದು ಅಡುಗೆಮನೆಗೆ ಹೋದೆ. ಕಿಟಕಿಯಾಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕಿವಿಯಲ್ಲಿ ಅವರ ಹಳೆಯ ಗುಂಡಿ ಮೊಬೈಲ್ ಫೋನು. ಹಾಲಿನಲ್ಲಿ ಫೋನಿನ ಗಂಟೆ ಹೊಡೆಯಿತು.

"ಯಾರೋ ನೀನು, ಕೋತಿ!" ಅಮ್ಮನ ದನಿ ಹಿತ್ತಲಿಗೂ ಕೇಳಿಸಿತು. ಅಪ್ಪ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಗುಂಡಿ ಒತ್ತಿ, ಇಕ್ಕಳದ ಪಕ್ಕ ಜೇಬಿಗೆ ಇಳಿಬಿಟ್ಟರು.

ಹಾಲಿನಲ್ಲಿ ದೀಪ ಹಸಿರಾಗಿತ್ತು.

ಕ್ಲಾಸು ಹೇಗೋ ಮುಗಿಸಿ ಹಿತ್ತಲಿಗೆ ಹೋದೆ. "ಗಂಟೆ ಹೊಡೆದ್ರೆ ಯಾಕಪ್ಪ ಸರಿಹೋಗುತ್ತೆ?"

ಅಪ್ಪ ಕೆಲಸ ಕಲಿಸುವ ದನಿಯಲ್ಲಿ ಹೇಳಿದರು. "ಜಾಯಿಂಟ್ ಒಳಗೆ ಕಿಲುಬು ಹಿಡಿದಿದ್ರೆ ಹಾಗೆ. ಗಂಟೆ ಹೊಡೆಯೋಕೆ ಜೋರು ಕರೆಂಟ್ ಬರುತ್ತೆ, ಕಿಲುಬು ಸ್ವಲ್ಪ ಹೊತ್ತು ದಾರಿ ಬಿಡುತ್ತೆ. ಆಮೇಲೆ ಮತ್ತೆ ಮುಚ್ಕೊಳ್ಳುತ್ತೆ."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ."

ನನ್ನ ಮೈ ಉರಿದುಹೋಯಿತು. ಆ ಎರಡು ವಾರ, ಆ ಹೊಸ ಡಬ್ಬಿ, ಎಣಿಸಿದ ಆ ಮೂವತ್ತುಗಳು. "ನನ್ನ ಕೆಲಸ ಹೋಗ್ತಿದೆ!"

"ಹೋಗಬಾರದು ಅಂತಾನೇ ಗಂಟೆ ಹೊಡೀತಿದ್ನಲ್ಲ."

"ಐದು ನಿಮಿಷ ತಪ್ಪಿದ್ರೂ ತಪ್ಪಿದ ಹಾಗೇ ಅಪ್ಪ. ಬಿಚ್ಚಿ ಬೇರೆ ಹಾಕೋಕೆ ಏನಾಗಿತ್ತು?"

ಅವರು ಬಲಗೈ ಚಾಚಿದರು. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಹಿಡಿಯಲು ಹೋಗಿ, ನಡುಗಿ, ತಪ್ಪಿದವು. "ಇದನ್ನ ಹಾಕಿದ ದಿನಾನೇ ಹಿಡಿತ ಸಿಗಲಿಲ್ಲ," ಎಂದರು. "ಮೇಲೆ ಟೇಪ್ ಸುತ್ತಿಬಿಟ್ಟೆ."

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾನು ಸ್ಟೂಲ್ ಹತ್ತಿದೆ. ಅಪ್ಪ ಇಕ್ಕಳವನ್ನು ನನ್ನ ಕೈಗಿಟ್ಟು, ಎರಡೂ ಕೈಯಿಂದ ಸ್ಟೂಲ್ ಹಿಡಿದು ನಿಂತರು. ಟೇಪಿನೊಳಗೆ ತಾಮ್ರ ಹಸಿರುಗಟ್ಟಿತ್ತು.

"ಕತ್ತರಿಸು. ಇನ್ನೂ ಹಿಂದಕ್ಕೆ. ಹೊಳೆಯೋವರೆಗೆ ಕೆರಿ. ಕೆರಿ ಅಂದೆ, ಸವರು ಅನ್ನಲಿಲ್ಲ."

"ಕೆರೀತಿದೀನಲ್ಲ!"

"ಎಷ್ಟು ಸುತ್ತು ಆಯ್ತು?"

"ಮೂರು."

"ಯಾರು ಹೇಳಿದ್ದು ಮೂರು ಅಂತ? ಐದು!"

ತಂತಿ ಎರಡು ಸಲ ಮುರಿಯಿತು. ಮೂರನೇ ಸಲ ಇಕ್ಕಳವನ್ನು ಅಂಗಳಕ್ಕೆ ಎಸೆದೆ. "ಆ ಮೆಕ್ಯಾನಿಕ್ಕನ್ನೇ ಕರೀತೀನಿ!"

"ಕರಿ," ಎಂದರು ಅಪ್ಪ. ಸ್ಟೂಲ್ ಮಾತ್ರ ಬಿಡಲಿಲ್ಲ. ನಾನೇ ಇಳಿದು, ಇಕ್ಕಳ ಹುಡುಕಿಕೊಂಡು, ಮತ್ತೆ ಹತ್ತಿದೆ.

ಟೇಪು ಸುತ್ತಿ ಮುಗಿಸಿದಾಗ ಹತ್ತಕ್ಕೆ ಎಂಟು ನಿಮಿಷ ಬಾಕಿ. ಕ್ಲಾಸಿನುದ್ದಕ್ಕೂ ಅಪ್ಪ ಹಾಲಿನಲ್ಲಿ, ಡಬ್ಬಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು, ಅಂಗೈಯಲ್ಲಿ ಗುಂಡಿ ಫೋನು ಸಿದ್ಧವಾಗಿಟ್ಟುಕೊಂಡು. ನನ್ನ ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ಭಿನ್ನರಾಶಿ ಮುಗಿಯಿತು. ಒಂದು ಮಗು ಉತ್ತರ ತಪ್ಪು ಹೇಳಿತು; ಅದು ಪೂರ್ತಿ ಕೇಳಿಸಿತು. ಹನ್ನೊಂದಕ್ಕೆ ಹನ್ನೆರಡೂ ಮಕ್ಕಳು ಕೈಬೀಸಿ ಹೋದರು. ಅಪ್ಪನ ಬೆನ್ನು ಆಗ ಕುರ್ಚಿಗೆ ಒರಗಿತು.

"ಇವತ್ತು ಆ ಕೋತಿ ಫೋನ್ ಮಾಡಲೇ ಇಲ್ವಲ್ಲ," ಎಂದಳು ಅಮ್ಮ.

"ಬುದ್ಧಿ ಬಂದಿರಬೇಕು," ಎಂದು ಅಪ್ಪ ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ಕತ್ತೆತ್ತಿ ಗಂಟನ್ನು ನೋಡುತ್ತಿದ್ದರು.

"ಸೊಟ್ಟಗಿದೆ."

"ಕೆಲಸ ಮಾಡ್ತಿದೆಯಲ್ಲಪ್ಪ?"

"ಮಾಡ್ತಿದೆ." ಮತ್ತೊಮ್ಮೆ ನೋಡಿದರು. "ಆದ್ರೂ ಸೊಟ್ಟ."

ಇಕ್ಕಳ ನನ್ನ ಮೇಜಿನ ಮೇಲೇ ಉಳಿದಿತ್ತು. ಅವರು ಅದನ್ನು ವಾಪಸ್ ಕೇಳಲಿಲ್ಲ.