ಬೊಜ್ಜದ ಎಲೆಗೆ ಒಂದು ಲೋಟ ಚಾ ಯೆನ್

"ಅವನಿಗೆ ಕುಡಿಲಿಕ್ಕೆ ಎಂತ ಇಷ್ಟ ಇತ್ತು, ಹೇಳಿ" ಎಂದು ವಾರಿಜಕ್ಕ ಕೇಳಿದಾಗ ನನ್ನ ಗಂಡ ತೀರಿಕೊಂಡು ಹನ್ನೆರಡು ದಿನವಾಗಿತ್ತು. ವಾರಿಜಕ್ಕ ಎಂದರೆ ನನ್ನ ಗಂಡನ ಅಕ್ಕ. ಮರುದಿನ ಬೊಜ್ಜ, ಅಂದರೆ ಉತ್ತರಕ್ರಿಯೆ. ಪೈವಳಿಕೆಯ ಗಂಡನ ಮನೆಯಲ್ಲಿ ಆ ದಿನ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಅಂಗಳದಲ್ಲಿ ನಿಲ್ಲುತ್ತಾರೆ. ನಮ್ಮ ಗದಗಿನಲ್ಲೂ ಎಡೆ ಇಡುತ್ತೇವೆ. ಆದರೆ ಊಟಕ್ಕೆ ಬರುವ ನೆಂಟರ ವಿಷಯ ವಿಚಾರಿಸಿದಂತೆ ಹೀಗೆ ಯಾರೂ ಕೇಳಿದ್ದಿಲ್ಲ.

"ಚಾ ಯೆನ್" ಎಂದೆ.

ಬ್ಯಾಂಕಾಕಿನಲ್ಲಿ ಐಸ್ ಹಾಕಿ ಕುಡಿಯುವ ಕೇಸರಿ ಬಣ್ಣದ ಚಹಾ ಅದು. ಅಲ್ಲಿ ಚಾ, ಪೈವಳಿಕೆಯಲ್ಲೂ ಚಾ. ಚಹಾ ಎನ್ನುವವಳು ಎರಡೂ ಕಡೆ ನಾನೊಬ್ಬಳೇ. ನಾನೂ ನನ್ನ ಗಂಡನೂ ಬ್ಯಾಂಕಾಕಿನ ಒಂದೇ ಹೋಟೆಲಿನಲ್ಲಿ ದುಡಿಯುತ್ತಿದ್ದೆವು. ರಜೆಯ ಮಧ್ಯಾಹ್ನ ಕೋಣೆಯಲ್ಲಿ ಅದನ್ನು ಮಾಡುವುದು ನಾನು. ಮೊದಲ ಗುಟುಕು ನಾನು ಕುಡಿದು ಲೋಟ ಕೊಡಬೇಕು, ಅವರು "ಸಿಹಿ ಕಮ್ಮಿ ಉಂಟು ಮಾರಾಯ್ತಿ" ಅನ್ನಬೇಕು. ಎಷ್ಟು ಸಕ್ಕರೆ ಸುರಿದರೂ ಅದೇ ಮಾತು.

ಆಸ್ಪತ್ರೆಯಲ್ಲಾಗಲಿ, ವಿಮಾನದಲ್ಲಾಗಲಿ, ಪೈವಳಿಕೆಗೆ ಬಂದ ಮೇಲಾಗಲಿ ನನಗೆ ಅಳು ಬಂದಿರಲಿಲ್ಲ. ಬಂದವರು ನನ್ನ ಮುಖ ನೋಡಿ ವಾರಿಜಕ್ಕನ ಬಳಿ ಹೋಗಿ ಕೂರುತ್ತಿದ್ದರು. ಅತ್ತೆಗೆ ತುಳು ಮಾತ್ರ, ನನಗೆ ಅದು ಬಾರದು. ಅನ್ನ ಬೇಕೇ, ಸಾಕೇ ಎಂಬುದನ್ನು ಕೈಸನ್ನೆಯಲ್ಲೇ ಮುಗಿಸುತ್ತಿದ್ದೆವು. ಬೊಜ್ಜ ಮುಗಿದ ಮರುದಿನ ಗದಗಿನಿಂದ ಅಣ್ಣ ಬಂದು ಕರೆದುಕೊಂಡು ಹೋಗುವವನಿದ್ದ. "ಅಲ್ಲಿ ನಿನಗ ಯಾರದಾರ?" ಎಂದು ಫೋನಿನಲ್ಲಿ ಕೇಳಿದ್ದ. ಯಾರಿದ್ದಾರೆಂದು ನನಗೂ ಗೊತ್ತಿರಲಿಲ್ಲ.

ಸೂಟ್‌ಕೇಸಿನಲ್ಲಿ ಒಂದು ಲೋಟಕ್ಕಾಗುವಷ್ಟು ಆ ಚಹಾದ ಪುಡಿ ಇತ್ತು. ಊರಿಗೆ ಹೋದಾಗ ತಮ್ಮ ಅಮ್ಮನಿಗೆ ರುಚಿ ತೋರಿಸಬೇಕೆಂದು ನನ್ನ ಗಂಡನೇ ಕಟ್ಟಿಟ್ಟದ್ದು. ಬೊಜ್ಜದ ದಿನ ಅದನ್ನು ಕುದಿಸಿದೆ. ಬ್ಯಾಂಕಾಕಿನಲ್ಲಿ ಚಹಾ ಸೋಸುವ ಉದ್ದ ಬಟ್ಟೆಚೀಲದ ಬದಲು ವಾರಿಜಕ್ಕ ಕೊಟ್ಟ ಹೊಸ ಬೈರಾಸಿನಲ್ಲಿ, ಅಂದರೆ ತೆಳು ಟವೆಲಿನಲ್ಲಿ, ಎರಡು ಸಲ ಸೋಸಿದೆ. ಬಿಸಿ ಇರುವಾಗಲೇ ಸಕ್ಕರೆ, ಡಬ್ಬಿಯ ಗಟ್ಟಿ ಹಾಲು ಕಲಸಿದೆ. ಲೋಟದ ತುಂಬ ಐಸ್ ಹಾಕಿ ಚಹಾ ಹೊಯ್ದು, ಮೇಲೆ ಸ್ವಲ್ಪ ಹಾಲು ಬಿಟ್ಟೆ. ಬಿಳಿ ಎಳೆ ಕೇಸರಿಯೊಳಗೆ ಇಳಿಯಿತು. ಕೈ ತನ್ನ ಪಾಡಿಗೆ ಲೋಟವನ್ನು ಬಾಯಿಗೆ ಎತ್ತಿತು. ಒಂದು ಗುಟುಕು ಕುಡಿದೆ. ಸಿಹಿಯೋ ಸಪ್ಪೆಯೋ ತಿಳಿಯಲಿಲ್ಲ.

"ಅಯ್ಯೋ, ಎಂತ ಮಾಡಿದ್ರಿ! ಎಲೆಗೆ ಇಡುವುದನ್ನು ರುಚಿ ನೋಡ್ಲಿಕ್ಕಿಲ್ಲ!" ವಾರಿಜಕ್ಕ ತಲೆಗೆ ಕೈಯಿಟ್ಟುಕೊಂಡರು.

ಎಂಜಲಾಗಿತ್ತು. ಬೇರೆ ಮಾಡಲು ಪುಡಿ ಇರಲಿಲ್ಲ. ಗಂಡನಿಗೆಂದು ನಾನು ಮಾಡಬಹುದಾಗಿದ್ದ ಕೊನೆಯ ಒಂದು ಕೆಲಸ ಅದು, ಅದನ್ನೂ ಕೆಡಿಸಿದೆ. "ಯಾವಾಗಲೂ ನಾನು ಕುಡಿದೇ ಕೊಡುತ್ತಿದ್ದೆ" ಎಂದೆ. ಒಲೆಯ ಬಳಿ ಕೂತಿದ್ದ ಅತ್ತೆಗೆ ವಾರಿಜಕ್ಕ ಅದನ್ನು ತುಳುವಿನಲ್ಲಿ ಹೇಳಿದರು. ಅತ್ತೆ ನನ್ನನ್ನೂ ಲೋಟವನ್ನೂ ನೋಡಿದರು.

"ದೀಲ" ಎಂದರು. ಇಡು ಎಂದರ್ಥ, ಅಷ್ಟು ನನಗೂ ಗೊತ್ತಾಯಿತು.

ಎಲೆಯ ಪಕ್ಕ ಲೋಟ ಇಟ್ಟೆ. ಬಾಗಿಲು ಮುಚ್ಚಿದರು. ಬ್ಯಾಂಕಾಕಿನಲ್ಲೂ ಕಟ್ಟಡದ ಮುಂದಿನ ಪುಟ್ಟ ಗುಡಿಗೆ ತಂಪು ಪಾನೀಯ ಇಡುತ್ತಾರೆ, ಸ್ಟ್ರಾ ಸಮೇತ. ಸ್ಟ್ರಾ ಮರೆತೆನಲ್ಲ ಎಂದು ಅಂಗಳದಲ್ಲಿ ನಿಂತು ಯೋಚಿಸುತ್ತಿದ್ದೆ. ಬೇರೇನೂ ಅನಿಸುತ್ತಿರಲಿಲ್ಲ.

ಬಾಗಿಲು ತೆರೆದಾಗ ಐಸ್ ಕರಗಿ ಬಣ್ಣ ತೆಳುವಾಗಿತ್ತು. ಎಲೆಯ ಮುಂದಿನದನ್ನು ಮನೆಯವರು ಹಂಚಿಕೊಳ್ಳುವುದು ರೂಢಿ. ಅತ್ತೆ ಲೋಟ ಎತ್ತಿ ನಿಧಾನ ಕುಡಿದರು, ಅರ್ಧ ಉಳಿಸಿ ನನ್ನ ಕೈಗೆ ಕೊಟ್ಟು ಏನೋ ಅಂದರು.

"ಸಿಹಿ ಕಮ್ಮಿ ಉಂಟಂತೆ" ಎಂದರು ವಾರಿಜಕ್ಕ. "ಬರುವ ವರ್ಷ ಎಲೆಗೆ ಇಡುವಾಗ ಸಕ್ಕರೆ ಜಾಸ್ತಿ ಹಾಕ್ಬೇಕಂತೆ ನೀನು."

ಆಗ ಅಳು ಬಂತು. ಮರುದಿನ ಅಣ್ಣನ ಜೊತೆ ಗದಗಿಗೆ ಹೋದೆ. ಈಗ ಬ್ಯಾಂಕಾಕಿನ ಅದೇ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೂರರಲ್ಲಿ ನನ್ನ ಊರು ಯಾವುದೆಂದು ಕೇಳಿದರೆ ಹೇಳಲಾರೆ. ಪುಡಿ ಮಾತ್ರ ಎರಡು ಪೊಟ್ಟಣ ತಂದಿಟ್ಟಿದ್ದೇನೆ, ಪೈವಳಿಕೆಗೆ.