ಅಳಿಸಿ ತೋರಿಸಿದವರು

ಕೊಪ್ಪಳದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದ ಅವರು, ಬಿಚ್ಚಿದ ಸ್ಕ್ರೂಗಳನ್ನು ಚಹಾದ ಬಸಿಯಲ್ಲಿ ಇಡುತ್ತಿದ್ದರು. ಯಾರು ಏನೇ ಕೇಳಿದರೂ, "ಓಡಿಸಿ ನೋಡೂತನಕ ನಂಬಬ್ಯಾಡ್ರಿ" ಎನ್ನುತ್ತಿದ್ದರು.

ನಮ್ಮ ಲ್ಯಾಪ್‌ಟಾಪಿನ ಹಳೆಯ ಡಿಸ್ಕ್ ಕೆಡುತ್ತಾ ಬಂದಿತ್ತು. ಕಿನ್ನಾಳದಲ್ಲಿ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದ ಅಪ್ಪನಿಗೆ ವಯಸ್ಸಾಗಿ ಕುಂಚ ಹಿಡಿಯಲು ಆಗುತ್ತಿರಲಿಲ್ಲ. ಅವನು ಮಾಡಿ ಮಾರಿದ ಗೊಂಬೆಗಳ ಫೋಟೋಗಳು ಆ ಡಿಸ್ಕಿನಲ್ಲಿ ಮಾತ್ರ ಉಳಿದಿದ್ದವು. ರಿಪೇರಿಯವರು ಎಲ್ಲವನ್ನೂ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿಗೆ ಸಾಗಿಸಿದರು; ಅಷ್ಟರಲ್ಲಿ ಹಳೆಯದು ಪೂರ್ತಿ ಕೆಟ್ಟಿತು. ಲ್ಯಾಪ್‌ಟಾಪನ್ನು ಕೊಂಡ ದಿನದ ಸ್ಥಿತಿಗೆ ಮರಳಿಸಲು ಕಂಪನಿಯವರು ಇಟ್ಟಿದ್ದ ರಿಕವರಿ ಭಾಗವನ್ನೂ ಬಿಡದೆ ನಕಲಿಸಿದರು. ಫೋಟೋಗಳು ತೆರೆದುಕೊಂಡವು. ಅಪ್ಪ ಹೊರಡಲು ಎದ್ದ.

"ಕೂಡ್ರಿ ಯಜಮಾನ್ರ, ರಿಕವರಿ ನಡೀತೈತೋ ಇಲ್ಲೋ ನೋಡೂಣು."

ಎಲ್ಲವೂ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಅವರು ಒಪ್ಪಿಗೆಯ ಗುಂಡಿ ಒತ್ತಿದರು. ನಾನು ಅವರ ಮಣಿಕಟ್ಟು ಹಿಡಿಯುವಷ್ಟರಲ್ಲಿ ತಡವಾಗಿತ್ತು.

"ಏನ್ ಮಾಡಿದ್ರೀ ಇದು!"

ಅವರು ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. "ಇದರಾಗ ಇನ್ನೊಂದ್ ಕಾಪಿ ಐತ್ರಿ ಅಕ್ಕಾರ. ಅಳಸ್ತೀನಿ ಅಂತ ಮೊದ್ಲ ಹೇಳಿದ್ರ ನೀವು ಒತ್ತಾಕ ಬಿಡ್ತಿದ್ರೇನು?"

ಲ್ಯಾಪ್‌ಟಾಪ್ ಹೊಸದರಂತೆ ಎದ್ದಿತು. ಪೆನ್‌ಡ್ರೈವಿನಿಂದ ಫೋಟೋಗಳು ಒಂದೊಂದಾಗಿ ಮರಳಿ ಬರುವವರೆಗೂ ಅಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಪೆನ್‌ಡ್ರೈವನ್ನು ಅವನ ಕೈಗೆ ಕೊಡುತ್ತಾ ಅವರು ಹೇಳಿದರು, "ಎರಡನ್ನೂ ಒಂದ ಕಡೆ ಇಡಬ್ಯಾಡ್ರಿ."

ಅಪ್ಪ ನನ್ನನ್ನೂ ಲ್ಯಾಪ್‌ಟಾಪನ್ನೂ ಕಿನ್ನಾಳದ ಬಸ್ಸು ಹತ್ತಿಸಿದ. ತಾನು ಹತ್ತಲಿಲ್ಲ. ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮುಂದಿನ ಬಸ್ಸಿಗೆ ಬಂದ.