ಐದು ನಿಮಿಷದ ತೋರಣ

ನಮ್ಮ ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ ಎಂದವನು ನಮ್ಮ ದೊಡ್ಡಪ್ಪ. ನನ್ನ ಕೈಯಲ್ಲಿ ಕಾಗದದ ಒಂದು ಹೂವೂ ಅರಳುವುದಿಲ್ಲ ಎಂದವರು ನನ್ನ ಯಜಮಾನರು. ದೊಡ್ಡಪ್ಪನ ಮಾತನ್ನು ಸುಳ್ಳು ಮಾಡಲು ನನಗೆ ಹದಿನೈದು ವರ್ಷ ಹಿಡಿಯಿತು. ಯಜಮಾನರ ಮಾತು ಇಂದಿಗೂ ಹಾಗೇ ನಿಂತಿದೆ.

ಅವರು ಅದನ್ನು ಹೇಳಿದ್ದು ಫೋನಿನಲ್ಲಿ. ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಮಾಡುವವರು ಏನು ಹೇಳಿದರೂ ಫೋನಿನಲ್ಲೇ ಹೇಳುತ್ತಾರೆ. ಯಾವುದೋ ರಾಜ್ಯದ ಯಾವುದೋ ಹೊಲದಲ್ಲಿ ನಿಂತು, ಹಿಂದೆ ಯಂತ್ರ ಗರ್ಜಿಸುತ್ತಿರುವಾಗ ಕೂಗಿದರು: "ನೀ ಫೈಲಿಗೆ ದಾರ ಕಟ್ಟಾಕಿ, ಹೂವಾ ಗೀವಾ ನಿನ್ನ ಕೈಲಿ ಆಗಂಗಿಲ್ಲ. ನಾಕು ಬಲೂನ್ ತಂದು ಊದು, ಸಾಕು!"

ವಿಷಯ ನನ್ನ ಮಗಳು ಹರ್ಷಿತಾಳ ಆರನೆಯ ಹುಟ್ಟುಹಬ್ಬ. ಆಂಧ್ರದ ಗಡಿಯ ಆಲೂರಿನಿಂದ ಆದೋನಿಯ ಕಚೇರಿಗೆ ನನಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ನಮ್ಮ ಬಾಡಿಗೆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದವರೆಂದರೆ ಗ್ಯಾಸ್ ಸಿಲಿಂಡರಿನವನು ಮತ್ತು ಒಂದು ಬೆಕ್ಕು. ಬೆಳಿಗ್ಗೆ ಬೀಗ ಹಾಕಿ ಹೋಗುತ್ತೇನೆ, ಸಂಜೆ ಬೀಗ ತೆಗೆದು ಬರುತ್ತೇನೆ. ಓಣಿಯವರ ಪಾಲಿಗೆ ನಾನು ಒಂದು ಬೀಗ. ಮಗಳು ಕಿಟಕಿಯ ಸರಳು ಹಿಡಿದು ಎದುರು ಮನೆಯ ಮಕ್ಕಳ ಆಟ ನೋಡುತ್ತಿದ್ದಳು. "ನನ್ನ ಬರ್ತ್‌ಡೇಗೆ ಅವರು ನಮ್ಮ ಮನೆಗೆ ಬರ್ತಾರೇನಮ್ಮ?" ಎಂದು ಅವಳು ಕೇಳಿದ ದಿನದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಕೇಕು ಹೇಗಾದರೂ ಇರಲಿ, ಅಲಂಕಾರ ಹೇಗಾದರೂ ಇರಲಿ, ಮಕ್ಕಳು ಬರಬೇಕು.

ನನಗೆ ಹುಟ್ಟುಹಬ್ಬದ ಅನುಭವ ಸೊನ್ನೆ. ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ತರಗತಿಯ ಅರ್ಧ ಮಂದಿ ಹುಟ್ಟಿದ್ದು ಅದೇ ಜೂನ್ ಒಂದರಂದು. ಆ ಲೆಕ್ಕದಲ್ಲಿ ಚಿಪ್ಪಗಿರಿಯ ಸುತ್ತಿನ ಹಳ್ಳಿಗಳಲ್ಲಿ ಅಂದು ಸೂಲಗಿತ್ತಿಯರಿಗೆ ಉಸಿರಾಡಲೂ ಪುರಸೊತ್ತು ಇದ್ದಿರಲಿಕ್ಕಿಲ್ಲ. ಹಾಗೆಂದು ನಮ್ಮ ಮನೆಯಲ್ಲಿ ಅಲಂಕಾರ ಗೊತ್ತಿರಲಿಲ್ಲ ಎನ್ನಬೇಡಿ. ದೀಪಾವಳಿಗೆ ಅಪ್ಪ ಟಗರಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಉಣ್ಣೆಯ ಗೊಂಡೆ ಕಟ್ಟುತ್ತಿದ್ದ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, ಗೊಂಡೆಯನ್ನು ಮತ್ತೆ ಸರಿಮಾಡುತ್ತಿದ್ದ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಜಡೆಗೆ ರಿಬ್ಬನ್ ಇಲ್ಲದ ನನಗೆ ಒಮ್ಮೊಮ್ಮೆ ಟಗರಾಗಿ ಹುಟ್ಟಬಾರದಿತ್ತೇ ಅನಿಸಿದ್ದುಂಟು. ಆಮೇಲೆ ಆ ಟಗರಿಗೆ ಏನಾಗುತ್ತಿತ್ತು ಎಂಬುದು ನೆನಪಾಗಿ ಆಸೆ ಬಿಡುತ್ತಿದ್ದೆ.

ಆರನೇ ತರಗತಿಗೆ ನನ್ನನ್ನು ಹಾಸ್ಟೆಲ್ಲಿಗೆ ಹಾಕಿದರು. ಅಲ್ಲಿಂದ ಬಿ.ಕಾಂ. ಮುಗಿಯುವ ತನಕ ಹಾಸ್ಟೆಲ್ಲೇ ಮನೆ. ಕಬ್ಬಿಣದ ಪೆಟ್ಟಿಗೆ, ನೀರು ಸಾಂಬಾರು, ಗಂಟೆ ಹೊಡೆದರೆ ಓದು, ಗಂಟೆ ಹೊಡೆದರೆ ನಿದ್ದೆ. ಹಬ್ಬಕ್ಕೆ ಊರಿಗೆ ಹೋದರೆ ಎರಡು ದಿನದ ನೆಂಟಳು. "ಓದೋ ಹುಡುಗಿ, ಆಕಿಗೆ ಕೆಲಸ ಹೇಳಬ್ಯಾಡ್ರಿ" ಎಂದು ಅವ್ವ ನನ್ನನ್ನು ಕೂರಿಸಿಬಿಡುತ್ತಿದ್ದಳು. ಪದವಿ ಗಿಟ್ಟಿತು, ಕೆಲಸವೂ ಸಿಕ್ಕಿತು. ಆ ಹತ್ತು ವರ್ಷ ನಾನು ಮನೆಯಲ್ಲಿದ್ದಿದ್ದರೆ ಏನೇನು ಕಲಿಯುತ್ತಿದ್ದೆ ಎಂಬ ಪಟ್ಟಿಯನ್ನು ಮಾತ್ರ ಯಾವ ವಿಶ್ವವಿದ್ಯಾಲಯವೂ ಕೊಡಲಿಲ್ಲ.

ಆದ್ದರಿಂದ ಅಲಂಕಾರದ ವಿದ್ಯೆಗೂ ಫೋನನ್ನೇ ಗುರು ಮಾಡಿಕೊಂಡೆ. "ಬಿಡುವಿಲ್ಲದ ತಾಯಂದಿರಿಗೆ ಸುಲಭ ಅಲಂಕಾರ, ಬರೀ ಐದು ನಿಮಿಷ!" ಎಂದು ಅಲ್ಲೊಬ್ಬಳು ನಗುನಗುತ್ತಾ ಕತ್ತರಿಸುತ್ತಾಳೆ, ಮಡಚುತ್ತಾಳೆ, ಊದುತ್ತಾಳೆ. ಗುಲಾಬಿ ಅರಳುತ್ತದೆ. ಅವಳ ಮನೆಯಲ್ಲಿ ಕುಕ್ಕರ್ ಒಮ್ಮೆಯೂ ಕೂಗಲಿಲ್ಲ, ನಲ್ಲಿಯಲ್ಲಿ ನೀರು ಬಂತು ಎಂದು ಯಾರೂ ಕಿರುಚಲಿಲ್ಲ. ಅವಳ ಉಗುರುಗಳ ಉದ್ದ ನೋಡಿದರೆ ಆ ಕೈ ರೊಟ್ಟಿ ಬಡಿದು ಬಹಳ ಕಾಲವಾಗಿರಬೇಕು. ಬಿಡುವಿಲ್ಲದ ತಾಯಂದಿರಿಗೆ ಕಲಿಸುವಷ್ಟು ಬಿಡುವು ಇದ್ದವಳು ಅವಳೊಬ್ಬಳೇ.

ನಾನು ಒಂದು ವಾರ ಬೆಳಿಗ್ಗೆ ಅನ್ನಕ್ಕಿಟ್ಟು ಹೂವಿಗೆ ಕೂತೆ. ಅರಳಿದ ಗುಲಾಬಿ ಮುದುಡಿದ ಬಸ್ ಟಿಕೆಟಿನಂತಿತ್ತು. ಅಂಟಿಗೆ ಗಂಜಿ ಬಳಸಿದೆ, ಇರುವೆಗಳು ಬಂದು ಗುಲಾಬಿಯನ್ನು ಹೊತ್ತುಕೊಂಡು ಹೊರಟವು. ಅವುಗಳಾದರೂ ಬಂದವಲ್ಲ! ಕೊನೆಗೆ ಕೈಗೆ ಒಲಿದದ್ದು ಹಳದಿ ಕಾಗದದ ಬಳೆಗಳನ್ನು ಒಂದಕ್ಕೊಂದು ಪೋಣಿಸುವ ಸರ. ಅದನ್ನು ಉದ್ದುದ್ದ ಮಾಡಿಟ್ಟೆ. ಓಣಿಯ ಏಳು ಮನೆಗಳ ಬಾಗಿಲಲ್ಲಿ ನಿಂತು, ಕಚೇರಿಗೆ ಓಡುವ ಅವಸರದಲ್ಲೇ, "ಭಾನುವಾರ ಸಂಜೆ ಐದಕ್ಕೆ ಮಕ್ಕಳನ್ನ ಕಳಿಸ್ರಿ" ಎಂದು ಹೇಳಿ ಬಂದೆ. ಎದುರು ಮನೆಯ ಸುಂಕಮ್ಮ, ಹತ್ತಿ ಮಿಲ್ಲಿಗೆ ಹೋಗುವಾಕೆ, "ಚೂಸ್ತಾಮಮ್ಮಾ, ನೋಡ್ತೀವಿ, ಕಳಿಸ್ತೀವಿ" ಎಂದಳು. ಅವಳ ಮೊಮ್ಮಗಳೂ ಹರ್ಷಿತಾಳೂ ಒಂದೇ ತರಗತಿ. ಅದೇ ವಾರ ಹರ್ಷಿತಾಳಿಗೆ ಜ್ವರ ಬಂದು ಎರಡು ದಿನ ಶಾಲೆ ತಪ್ಪಿತ್ತು. ಶನಿವಾರಕ್ಕೆಲ್ಲ ಸರಿಹೋಯಿತು.

ಭಾನುವಾರ ಬೆಳಿಗ್ಗೆ ಫೋನಿನ ಗುರು ಹೊಸ ಪಾಠ ಹೇಳಿದಳು: ಬಾಗಿಲ ಸುತ್ತ ದಟ್ಟವಾಗಿ ಹಸಿರೆಲೆ ಕಟ್ಟಿ, ನಡುವೆ ಹಳದಿ ಸರ ಬಿಡಿ, ಬಂದವರು ಬೆರಗಾಗುತ್ತಾರೆ. ಮಾವಿನೆಲೆ ತರಲು ಮಾರುಕಟ್ಟೆಗೆ ಹೋದೆ. ಮದುವೆ ಮುಹೂರ್ತದ ದಿನ, ಒಂದು ಎಲೆಯೂ ಉಳಿದಿರಲಿಲ್ಲ. ಮನೆಯ ಹಿಂದೆ ಬೇವಿನ ಮರವಿತ್ತು. ಹೊಚ್ಚ ಹೊಸ ಚಿಗುರು, ಗಾಳಿಗೆ ತೂಗುತ್ತಿತ್ತು. ಬೇವಿನ ಲ್ಯಾಟಿನ್ ಹೆಸರು ನನಗೆ ಹತ್ತನೇ ತರಗತಿಯಿಂದ ಬಾಯಿಪಾಠ. ಅದರ ಎಲೆಯ ಅಂಚು ಗರಗಸದಂತೆ ಎಂದು ಬರೆದು ಅಂಕ ಗಿಟ್ಟಿಸಿದವಳು ನಾನು. ಕೊಂಬೆಕೊಂಬೆ ಮುರಿದು ತಂದು, ಬಾಗಿಲ ಎರಡೂ ಕಡೆಗೆ, ಮೇಲಿನ ಅಡ್ಡಪಟ್ಟಿಗೆ ಗೊಂಚಲು ಗೊಂಚಲಾಗಿ ಬಿಗಿದೆ. ನಡುವೆ ಹಳದಿ ಸರ. ಅಪ್ಪನಂತೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಅಲಂಕಾರ ನಿಜವಾಗಿ ಐದೇ ನಿಮಿಷದಲ್ಲಿ ಮುಗಿದಿತ್ತು. ಫೋಟೋ ತೆಗೆದು ಯಜಮಾನರಿಗೂ ಕಳಿಸಿದೆ. ಅವರು ನೋಡಲಿಲ್ಲ. ಲಾರಿ ಇದ್ದ ಕಡೆ ಸಿಗ್ನಲ್ ಇರಲಿಲ್ಲವಂತೆ.

ಐದಾಯಿತು. ಹರ್ಷಿತಾ ಹೊಸ ಫ್ರಾಕು ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಳು. ಬಾಗಿಲಿಗೆ ಪರದೆ ಬಿಟ್ಟಿದ್ದೆ, ಮಕ್ಕಳು ಸರಿಸಿಕೊಂಡು ಒಳಬಂದಾಗ ಒಮ್ಮೆಲೇ ಕೇಕು ಕಾಣಲಿ ಎಂದು. ಹೊರಗೆ ಚಪ್ಪಲಿಗಳ ಸದ್ದು ಬಂತು. ನಿಂತಿತು. ಪಿಸುಮಾತು. ಒಂದು ಮಗು "ಎಂದುಕು? ಯಾಕ?" ಎಂದು ರಾಗ ಎಳೆಯಿತು. ಚಪ್ಪಲಿಗಳು ಹಿಂದಿರುಗಿದವು. ಪರದೆಯ ಸಂದಿಯಿಂದ ನೋಡಿದರೆ, ಜರಿ ಲಂಗದ ಮಗುವೊಂದನ್ನು ಅದರ ತಾಯಿ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಮಗುವಿನ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣವಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು, ಮತ್ತೆ ನಿಂತಿತು, ಮತ್ತೆ ಹೋಯಿತು. ಹೀಗೆ ಮೂರು ನಾಲ್ಕು ಸಲ.

ಒಬ್ಬಂಟಿತನಕ್ಕೂ ಒಂದು ಸದ್ದಿದೆ ಎಂದು ನನಗೆ ಅಂದು ಗೊತ್ತಾಯಿತು. ಅದು ಯಾರೂ ಬಾರದ ಮನೆಯ ಮೌನವಲ್ಲ, ಬಾಗಿಲ ತನಕ ಬಂದು ಹೊರಳುವ ಚಪ್ಪಲಿಯ ಸಪ್ಪಳ. ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಓದಿದವರ ಅಭಿಮಾನವೆಂಬುದು ಹೊಸ್ತಿಲಿಗಿಂತ ಎತ್ತರ. ಮನಸ್ಸು ಮಾತ್ರ ಕಾರಣಗಳನ್ನು ಹುಡುಕುತ್ತಲೇ ಇತ್ತು. ಕುರಿಯವರ ಮಗಳು ಎಂತಲೇ? ಗಂಡ ಜೊತೆಯಲ್ಲಿಲ್ಲ ಎಂತಲೇ? ಎರಡು ವರ್ಷದಲ್ಲಿ ಒಂದು ದಿನವೂ ಅವರ ಕಟ್ಟೆಯ ಮೇಲೆ ಕೂರದವಳಿಗೆ ಇದೇ ಸರಿ ಎಂತಲೇ? ಕೊನೆಯದು ಹೆಚ್ಚು ಚುಚ್ಚಿತು.

"ಅಮ್ಮ, ಟೈಮ್ ತಪ್ಪಾಗಿ ಹೇಳಿದಿಯೇನು?" ಎಂದಳು ಹರ್ಷಿತಾ. ಹೌದು, ತಪ್ಪಾಗಿ ಹೇಳಿದೆ ಎಂದೆ. ಆರಕ್ಕೆ ಬರುತ್ತಾರೆ ಎಂದೆ. ಆರೂ ಆಯಿತು. ಅವಳು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಒರಗಿ ಕೂತಳು. ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಆಗ ಹೊರಗೆ ಮತ್ತೆ ಸದ್ದು ನಿಂತಿತು. ಈ ಸಲ ನಾನೇ ಪರದೆ ಸರಿಸಿದೆ. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಚಿಪ್ಪಗಿರಿಯ ಬಸ್ಸಿಳಿದು ಬಂದ ನಮ್ಮವ್ವ! ಚಪ್ಪಲಿಯನ್ನು ಆರು ಮಾರು ದೂರದಲ್ಲೇ ಬಿಟ್ಟು, ಗಂಟನ್ನು ನೆಲದ ಮೇಲಿಟ್ಟು, ಬಾಗಿಲಿಗೆ ಕೈಮುಗಿದು ನಿಂತಿದ್ದಾಳೆ. ಕಣ್ಣಲ್ಲಿ ನೀರು.

"ಕೂಸಿಗೆ ಯಾವಾಗ ಎದ್ದೈತವ್ವ? ಫೋನ್ ಮಾಡಬಾರದೇನು ನನಗ?"

"ಏನು ಎದ್ದೈತಿ? ಒಳಗ ಬಾ ನೀನು."

"ಅಮ್ಮ ಬಂದ ಮನಿಯಾಗ ಮೈ ತೊಳಕೊಳ್ಳದ ಹೆಂಗ ಬರ್ಲಿ? ಬಸ್ಸಿನ ಮೈಲಿಗಿ ಐತಿ."

ಆಗಲೂ ನನಗೆ ತಿಳಿಯಲಿಲ್ಲ. ಅವಳು ಬಾಗಿಲಿನ ಬೇವಿನತ್ತ ಕೈ ತೋರಿಸಿ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ನಮ್ಮ ಕಡೆ ಮಗುವಿಗೆ ಸೀತಾಳೆ ಸಿಡುಬು ಎದ್ದರೆ ಅಮ್ಮ ಬಂದಳು ಎನ್ನುತ್ತಾರೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವು ಕಟ್ಟುತ್ತಾರೆ. ಆ ಬೇವು ಕಂಡರೆ ಯಾರೂ ಒಳಗೆ ಕಾಲಿಡುವುದಿಲ್ಲ, ಕೂಗಿ ಕರೆಯುವುದೂ ಇಲ್ಲ, ದೇವಿಯ ವಿಶ್ರಾಂತಿ ಕೆಡಬಾರದೆಂದು. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ನಾನು ಇಡೀ ಓಣಿಯನ್ನು ಬಾಯಿಂದ ಕರೆದು, ಬಾಗಿಲಿನಿಂದ ಬೇಡವೆಂದಿದ್ದೆ. ಮಗಳ ಎರಡು ದಿನದ ಜ್ವರ ಸಾಕ್ಷಿಯಾಗಿತ್ತು.

ಎಲ್ಲ ಕೇಳಿದ ಅವ್ವ ಮೊದಲು ಒಳಗೆ ಓಡಿ ಮೊಮ್ಮಗಳ ಮುಖ, ಬೆನ್ನು, ಹೊಟ್ಟೆ ಎಲ್ಲ ತಡವಿ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು. "ಅಷ್ಟು ವರ್ಷ ಓದಿಸಿದ್ವಿ. ಬಾಗಿಲಿಗೆ ಬೇವಿನ ತಪ್ಪಲ ಯಾವಾಗ ಕಟ್ತಾರ ಅಂಬಾದು ಒಬ್ಬ ಮೇಷ್ಟ್ರೂ ಹೇಳ್ಲಿಲ್ಲೇನು?"

"ನೀನೂ ಹೇಳ್ಲಿಲ್ಲ" ಎಂದೆ.

"ನೀ ಎಲ್ಲಿದ್ದಿ ಹೇಳಾಕ?" ಎಂದಳು.

ಹಾಗೆನ್ನುತ್ತಲೇ ಅವಳು ಬಾಗಿಲಿಗೆ ನಡೆದಳು. ಬೇವನ್ನು ಕಸಕ್ಕೆ ಹಾಕಬಾರದೆಂದು ಒಂದೊಂದೇ ಗೊಂಚಲು ಬಿಚ್ಚಿ ಮರದ ಬುಡಕ್ಕೆ ಇಟ್ಟು ಬಂದಳು. ಹಾಗೆ ಬಿಚ್ಚುವಾಗಲೇ, "ಇವು ಯಾರವು?" ಎಂದಳು. ಹೊಸ್ತಿಲಿನ ಪಕ್ಕ, ಪರದೆಯ ಆಚೆ, ಮೂರು ಪಾತ್ರೆಗಳಿದ್ದವು. ಒಂದರಲ್ಲಿ ಮೊಸರನ್ನ, ಒಂದರಲ್ಲಿ ನೀರು ಮಜ್ಜಿಗೆ, ಇನ್ನೊಂದು ಮುಚ್ಚಿದ ಡಬ್ಬಿಯಲ್ಲಿ ಮತ್ತೆ ಮೊಸರನ್ನ. ಮುಚ್ಚಳದ ಮೇಲೆ ಸ್ಟೀಲಿನಲ್ಲಿ ಕೊರೆದ ಹೆಸರು: ಸುಂಕಮ್ಮ. ಅಮ್ಮ ಬಂದ ಮನೆಗೆ ತಂಪು ಕೊಡಬೇಕು. ಹಿಂದಕ್ಕೆ ಹೊರಳಿದ ಚಪ್ಪಲಿಗಳು ಮತ್ತೆ ಬಂದಿದ್ದವು, ಬರಿಗಾಲಲ್ಲಿ, ಸದ್ದಿಲ್ಲದೆ. ನಾನು ಒಳಗೆ ಕೂತು ಅವರನ್ನು ತೂಗಿನೋಡುತ್ತಿದ್ದ ಹೊತ್ತಿನಲ್ಲೇ, ನನ್ನ ಮಗಳ ಮೈ ತಣ್ಣಗಿರಲೆಂದು ಯಾರೋ ಅನ್ನಕ್ಕೆ ಮೊಸರು ಕಲಸುತ್ತಿದ್ದರು.

ನಾನು ಡಬ್ಬಿ ಹಿಡಿದು ನಿಂತೇ ಇದ್ದೆ. ಅವ್ವ ಸೆರಗು ಸಿಕ್ಕಿಸಿಕೊಂಡು ಓಣಿಗಿಳಿದಳು. ಏಳೂ ಮನೆಗಳ ಮುಂದೆ ಅವಳ ಗಂಟಲು ಕೇಳಿಸಿತು: "ಅಮ್ಮ ಗಿಮ್ಮ ಏನೂ ಬಂದಿಲ್ರೀ ಯವ್ವಾ! ನನ್ನ ಮಗಳು ಓದಿದಾಕಿ, ಆಕಿಗೆ ಗೊತ್ತಾಗ್ಲಿಲ್ಲ. ಹುಡುಗ್ರನ್ನ ಕಳಿಸ್ರಿ!"

ಎಲ್ಲರಿಗಿಂತ ಮೊದಲು ಬಂದವಳು ಸುಂಕಮ್ಮ. "ಅಯ್ಯೋ ತಲ್ಲೀ, ಮಿಲ್ಲಿನ್ಯಾಗಿನ ಹೆಂಗಸ್ರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟೀನಲ್ಲ! ಮಂಗಳವಾರ ನಿನ್ನ ಕೂಸಿನ ಹೆಸರಿಲೆ ಕಾಯಿ ಒಡಿಯಾಕ ಹೊಂಟಿದ್ವಿ" ಎಂದು ತಲೆ ಚಚ್ಚಿಕೊಂಡು ನಕ್ಕಳು. ಅವಳ ಬೆನ್ನಿಗೆ ಜರಿ ಲಂಗಗಳು, ಪೊಟ್ಟಣಗಳು. ಬೇವಿನ ಜೊತೆ ಹಳದಿ ಸರವೂ ಕಳಚಿ ಬಾಗಿಲು ಬೋಳಾಗಿತ್ತು, ಅಲಂಕಾರವೆಂದು ಒಂದು ಎಳೆಯೂ ಇರಲಿಲ್ಲ. ಯಾರೂ ಬೆರಗಾಗಲಿಲ್ಲ, ಎಲ್ಲರೂ ಒಳಗೆ ಬಂದರು. ಹುಟ್ಟುಹಬ್ಬದ ಊಟಕ್ಕೆ ಕೇಕಿನ ಜೊತೆ ಮೊಸರನ್ನ ಬಡಿಸಿದ ಮನೆ ಆದೋನಿಯಲ್ಲಿ ನಮ್ಮದೊಂದೇ ಇರಬೇಕು.

ಗದ್ದಲ ಮುಗಿಯುವ ಹೊತ್ತಿಗೆ ಹರ್ಷಿತಾ ಕೇಕಿನ ಡಬ್ಬಿಯ ಮುಚ್ಚಳ ಕತ್ತರಿಸಿ ಏನೋ ಬರೆಯುತ್ತಿದ್ದಳು. ಶಾಲೆಯಲ್ಲಿ ಕೊಡುವ ಹಾಗೆ ಸುತ್ತ ಗೆರೆ ಎಳೆದು, ಮೂಲೆಗೊಂದು ನಕ್ಷತ್ರ ಅಂಟಿಸಿ, ತೆಲುಗು ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಬೇಕೆಂದು ಹೇಳಿ, ಅದನ್ನು ಅಜ್ಜಿಗೆ ಕೊಟ್ಟಳು. "ಓದು" ಎಂದಳು ಅವ್ವ ನನಗೆ. ಓದಿದೆ: "ಸರ್ಟಿಫಿಕೇಟ್. ಅಜ್ಜಿ ಎಲ್ಲರನ್ನೂ ಕರ್ಕೊಂಡು ಬಂದ್ಲು. ಫಸ್ಟ್."

ಅವ್ವ ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು. ಓದುಬರಹ ಬಾರದ ಅವಳಿಗೆ ಈವರೆಗೆ ಕಾಗದ ಕೊಟ್ಟವರೆಲ್ಲ ಹೆಬ್ಬೆಟ್ಟು ಒತ್ತಿಸಿಕೊಂಡೇ ಕೊಟ್ಟಿದ್ದರು. ಆಮೇಲೆ ಎಡಗೈಯ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಮುಂದಕ್ಕೆ ಚಾಚಿದಳು. "ಎಲ್ಲಿ ಒತ್ತಬೇಕವ್ವ?"

"ಇದಕ್ಕ ಒತ್ತೋದು ಬ್ಯಾಡಬೇ."

"ಒತ್ತಿಸ್ಕೊಳ್ಳದ ಕೊಟ್ರೇನು?" ಅವಳು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಹಂಗಾರ ಇದು ಖರೇನ ನಂದು."